ಐವತ್ತು ದಿನಗಳ ಭಾನುವಾರ

ಕ್ರೈಸ್ತರ ಪೂಜಾವರ್ಷವೆಂದರೆ ಯೇಸುಕ್ರಿಸ್ತನ ಬದುಕಿನ ಘಟನೆಗಳನ್ನು ವರ್ಷದ ವಾರಗಳಿಗೆ ಹಂಚಿ, ಅವನ್ನು ಪ್ರತಿವರ್ಷವೂ ಪೂಜೆ, ಪಠಣ, ಉಪವಾಸ ಮತ್ತು ಹಬ್ಬಗಳ ಮೂಲಕ ಮರಳಿ ಸ್ಮರಿಸುವ ಧಾರ್ಮಿಕ ಪಂಚಾಂಗ. ಆ ಪಂಚಾಂಗದ ನಡುಗಂಬ ಈಸ್ಟರ್, ಅಥವಾ ಕನ್ನಡದ ಕಥೋಲಿಕರು ಹೇಳುವಂತೆ ಪಾಸ್ಖ ಹಬ್ಬ. ಕ್ರಿಸ್ತನು ಮರಣಹೊಂದಿ ಮೂರನೆಯ ದಿನ ಪುನರುತ್ಥಾನಗೊಂಡನೆಂಬ ವಿಶ್ವಾಸವನ್ನು ಆಚರಿಸುವ ಈ ಹಬ್ಬವು ಆ ಭಾನುವಾರದ ಊಟದೊಂದಿಗೆ ಮುಗಿಯಿತೆಂದು ಹೊರಗಿನವರಂತೆ ಅನೇಕ ಕ್ರೈಸ್ತರೂ ತಿಳಿಯುತ್ತಾರೆ. ಧರ್ಮಸಭೆಯ ಲೆಕ್ಕ ಬೇರೆ. ಪುನರುತ್ಥಾನದ ಭಾನುವಾರದಿಂದ ಹಿಡಿದು, ಶಿಷ್ಯರ ಮೇಲೆ ಪವಿತ್ರಾತ್ಮ ಇಳಿದುಬಂದುದನ್ನು ಸ್ಮರಿಸುವ ಪಂಚಾಶತ್ತಮ ಹಬ್ಬದವರೆಗಿನ 50 ದಿನಗಳೂ ಸೇರಿ ಒಂದೇ ಹಬ್ಬವೆಂಬುದು ಆ ಲೆಕ್ಕ. ನಾಲ್ಕನೆಯ ಶತಮಾನದ ಅಲೆಕ್ಸಾಂಡ್ರಿಯದ ಧರ್ಮಾಧ್ಯಕ್ಷ ಅಥನಾಸಿಯುಸನು ಇಡೀ ಅವಧಿಯನ್ನು ‘ಮಹಾ ಭಾನುವಾರ’ವೆಂದೇ ಕರೆದಿದ್ದನು. ಕ್ರಿ.ಶ. 325ರ ನೈಸಿಯ ಮಹಾಸಭೆಯು ತನ್ನ ಇಪ್ಪತ್ತನೆಯ ನಿಯಮದಲ್ಲಿ, ಭಾನುವಾರಗಳಂದು ಹಾಗೂ ಈ ಐವತ್ತು ದಿನಗಳಲ್ಲಿ ಮೊಣಕಾಲೂರದೆ ನಿಂತೇ ಪ್ರಾರ್ಥಿಸಬೇಕೆಂದು ವಿಧಿಸಿತು. ಮೊಣಕಾಲೂರುವುದು ಪಶ್ಚಾತ್ತಾಪದ ಭಂಗಿಯಾದರೆ ಎದ್ದು ನಿಲ್ಲುವುದು ಪುನರುತ್ಥಾನದ ಭಂಗಿ ಎಂಬುದು ಅದರ ಹಿಂದಿದ್ದ ತಿಳಿವಳಿಕೆ.

ಇಷ್ಟಾದರೂ ಹಳ್ಳಿಯ ಹಿರಿಯ ಕಥೋಲಿಕರನ್ನು ಮಾತಿಗೆ ಎಳೆದರೆ ಅವರ ನೆನಪಿನಿಂದ ಹೊರಬರುವುದು ಬೂದಿ ಬುಧವಾರದ ಹಣೆಬೂದಿ, ತಪಸ್ಸುಕಾಲದ ಉಪವಾಸ, ಶುಕ್ರವಾರಗಳ ಶಿಲುಬೆ ಹಾದಿ, ಶುಭ ಶುಕ್ರವಾರದ ಗಂಜಿ, ಗಂಟೆಯ ಬದಲು ಬಡಿಯುತ್ತಿದ್ದ ಮರದ ಗಿಲಕಿ. ಈಸ್ಟರಿಗೆ ಮುಂಚಿನ ತಪಸ್ಸುಕಾಲದ ನಲವತ್ತು ದಿನಗಳು ನೆನಪಿನಲ್ಲಿ ಇಂಚಿಂಚಾಗಿ ಉಳಿದಿವೆ. ಐವತ್ತು ದಿನಗಳು ಸೋರಿಹೋಗಿವೆ. ಸಂಕಟಕ್ಕೆ ಮಾಡಬೇಕಾದ ಕೆಲಸಗಳು ಬಹಳ, ಸಂತೋಷಕ್ಕೆ ಅಂಥ ಕಟ್ಟುಪಾಡುಗಳಿಲ್ಲ ಎಂಬುದು ಇದಕ್ಕೆ ಒಂದು ಕಾರಣವಾಗಿರಬಹುದು. ಆದರೆ ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿ 1950ರ ದಶಕದಲ್ಲಿ ಪೀಠಬಾಲಕನಾಗಿ, ಅಂದರೆ ಬಲಿಪೂಜೆಯಲ್ಲಿ ಗುರುವಿಗೆ ನೀರು, ದ್ರಾಕ್ಷಾರಸ, ಧೂಪಗಳನ್ನು ಒದಗಿಸುವ ಹುಡುಗನಾಗಿ ಬೆಳೆದವನೊಬ್ಬನ ನೆನಪನ್ನು ಕೆದಕಿದರೆ, ಧರ್ಮಕೇಂದ್ರದ ನಿಜವಾದ ದುಡಿಮೆ ನಡೆಯುತ್ತಿದ್ದುದು ಆ ಮರೆತುಹೋದ ಐವತ್ತು ದಿನಗಳಲ್ಲೇ ಎಂಬುದು ಗೊತ್ತಾಗುತ್ತದೆ.

ಹಬ್ಬದ ದಿನವನ್ನು ಗೊತ್ತುಮಾಡುವ ಬಗೆಯನ್ನು ಆ ಹಳ್ಳಿಯವರಿಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಹುಣ್ಣಿಮೆಯಾದ ಮೇಲಿನ ಮೊದಲ ಭಾನುವಾರವೇ ಈಸ್ಟರ್ ಆದುದರಿಂದ ಅದು ಮಾರ್ಚ್ 22ರಿಂದ ಏಪ್ರಿಲ್ 25ರ ನಡುವೆ ಓಡಾಡುತ್ತದೆ ಎಂದು ಪುಸ್ತಕಗಳು ಹೇಳುವುದನ್ನು, ಅಕ್ಕಪಕ್ಕದ ಹಿಂದೂ ಒಕ್ಕಲಿನವರೊಂದಿಗೆ ಒಂದೇ ಬಾವಿಯ ನೀರು ಸೇದುತ್ತಿದ್ದ ಆ ರೈತರು ತಮ್ಮದೇ ರೀತಿಯಲ್ಲಿ ಹೇಳುತ್ತಿದ್ದರು: ಹಬ್ಬ ಒಮ್ಮೆ ಫಾಲ್ಗುಣದ ಹುಣ್ಣಿಮೆ ಹಿಡಿದು ಯುಗಾದಿಗೆ ಮುಂಚೆ ಬರುತ್ತದೆ, ಇನ್ನೊಮ್ಮೆ ಚೈತ್ರದ ಹುಣ್ಣಿಮೆ ಹಿಡಿದು ಯುಗಾದಿ ಕಳೆದ ಮೇಲೆ ಬರುತ್ತದೆ. ಯೆಹೂದ್ಯರ ಪಾಸ್ಖ ಹುಣ್ಣಿಮೆಗೆ ಕಟ್ಟಿಕೊಂಡ ಹಬ್ಬ, ಕ್ರಿಸ್ತನು ಶಿಲುಬೆಗೇರಿದ್ದು ಆ ಹಬ್ಬದ ದಿನಗಳಲ್ಲಿ. ಆ ಹುಣ್ಣಿಮೆಯ ಋಣ ಕ್ರೈಸ್ತ ಪಂಚಾಂಗದಲ್ಲಿ ಇಂದಿಗೂ ಉಳಿದಿದೆ.

ಮೈಸೂರು ಸೀಮೆಯ ಕನ್ನಡ ಕಥೋಲಿಕ ಹಳ್ಳಿಗಳ ಇತಿಹಾಸ ಹದಿನೇಳನೆಯ ಶತಮಾನದ ಯೇಸುಸಭೆಯ ಗುರುಗಳಿಂದ ಶುರುವಾಗುತ್ತದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಬಳಿಕ ಬಂದು, ಚದುರಿದ್ದ ಸಮುದಾಯವನ್ನು ಒಗ್ಗೂಡಿಸಿ, ಜನರಿಂದ ‘ದೊಡ್ಡ ಸ್ವಾಮಿಯವರು’ ಎನ್ನಿಸಿಕೊಂಡ ಫ್ರೆಂಚ್ ಗುರು ಅಬ್ಬೆ ದ್ಯುಬುವಾ 1823ರವರೆಗೆ ಭಾರತದಲ್ಲಿದ್ದನು. ಆತನ ನಂತರವೂ ಪ್ಯಾರಿಸಿನ ವಿದೇಶ ಮಿಷನ್ ಸಂಸ್ಥೆಯ ಗುರುಗಳು ಈ ಸೀಮೆಯಲ್ಲಿ ದುಡಿದರು. ಹೀಗಾಗಿ ಊರಿನ ಬಾಯಲ್ಲಿ ಗುರು ಎಂದಿಗೂ ‘ಸ್ವಾಮಿಯವರು’. ಆದರೆ ಆ ಸ್ವಾಮಿಯವರು ಪೀಠದತ್ತ ಮುಖಮಾಡಿ, ಜನರಿಗೆ ಬೆನ್ನುಹಾಕಿ ಸಲ್ಲಿಸುತ್ತಿದ್ದ ಪೂಜೆ ಮಾತ್ರ ಲತೀನಿನಲ್ಲಿ. ಪೀಠಬಾಲಕರು ಆ ಭಾಷೆಯ ಉತ್ತರಗಳನ್ನು ಕನ್ನಡ ಲಿಪಿಯಲ್ಲಿ ಬರೆದುಕೊಂಡ ನೋಟುಪುಸ್ತಕದಿಂದ ಉರುಹೊಡೆಯುತ್ತಿದ್ದರು. ಅರ್ಥ ತಿಳಿಯದಿದ್ದರೂ ಒಂದು ಅಕ್ಷರ ತಪ್ಪಿದರೆ ಉಪದೇಶಿಯ ಬೆತ್ತಕ್ಕೆ ತಿಳಿಯುತ್ತಿತ್ತು. (ಉಪದೇಶಿಯೆಂದರೆ ಗುರುವಿಲ್ಲದಾಗ ಪ್ರಾರ್ಥನೆ ನಡೆಸಿ, ಮಕ್ಕಳಿಗೆ ಧರ್ಮಪಾಠ ಹೇಳುವ ಗೃಹಸ್ಥ, ಮೈಸೂರು ಸೀಮೆಯ ಧರ್ಮಸಭೆಯನ್ನು ಎತ್ತಿ ನಿಲ್ಲಿಸಿದವನು ಅವನೇ ಎಂದರೂ ಹೆಚ್ಚಾಗಲಾರದು.)

ಅಂದಿನ ಪೀಠಬಾಲಕನ ನೆನಪಿನಲ್ಲಿ ಎರಡು ವರ್ಷಗಳು ಎದುರುಬದುರು ನಿಂತಿವೆ, 1955 ಮತ್ತು 1956. ಪಾಸ್ಖ ಜಾಗರಣೆಯೆಂಬುದು ಹೆಸರೇ ಹೇಳುವಂತೆ ಈಸ್ಟರ್ ಹಿಂದಿನ ರಾತ್ರಿ ಎಚ್ಚರವಿದ್ದು, ಹೊಸ ಬೆಂಕಿಯನ್ನು ಆಶೀರ್ವದಿಸಿ, ಅದರಿಂದ ದೀಪ ಹೊತ್ತಿಸಿ, ಪುರಾತನ ವಾಚನಗಳನ್ನು ಕೇಳಿ, ದೀಕ್ಷಾಸ್ನಾನದ ನೀರನ್ನು ಪವಿತ್ರಗೊಳಿಸುವ ವಿಧಿ. ಆದರೆ ಶತಮಾನಗಳ ಅವಧಿಯಲ್ಲಿ ಅದು ಹಿಂದಹಿಂದಕ್ಕೆ ಸರಿದು ಶನಿವಾರದ ಬೆಳಗ್ಗೆಗೆ ಬಂದು ನಿಂತಿತ್ತು. 1955ರ ಏಪ್ರಿಲ್ 9ರ ಶನಿವಾರ ಒಂಬತ್ತು ವರ್ಷದ ಆ ಹುಡುಗ, ಬಿದಿರಿನ ಕೋಲಿನ ತುದಿಗೆ ಮೂರು ಮೇಣದ ಬತ್ತಿಗಳನ್ನು ಸಿಕ್ಕಿಸಿದ್ದನ್ನು ಕಂಡನು. ಕತ್ತಲೆಯನ್ನು ಸೀಳಿ ಬಂದ ಬೆಳಕೆಂದು ಅವನ್ನು ಒಂದೊಂದಾಗಿ ಹೊತ್ತಿಸುವಾಗ ಪೂರ್ವದ ಕಿಟಕಿಗಳಿಂದ ಬಿಸಿಲು ಬಲಿಪೀಠದ ಮೇಲೆ ಬಿದ್ದಿತ್ತು, ಬತ್ತಿಯ ಕುಡಿ ಕಣ್ಣಿಗೇ ಕಾಣುತ್ತಿರಲಿಲ್ಲ. ಆ ರಾತ್ರಿಯ ಮಹಿಮೆಯನ್ನು ಕೊಂಡಾಡುವ ದೀರ್ಘ ಸ್ತುತಿಯನ್ನು ಸ್ವಾಮಿಯವರು ಹಾಡಿದ್ದೂ ಹಗಲಿನಲ್ಲೇ. ಹನ್ನೆರಡು ವಾಚನಗಳೂ ಲತೀನಿನಲ್ಲಿ ಮುಗಿಯುವ ಹೊತ್ತಿಗೆ ದೇವಾಲಯದಲ್ಲಿ ಉಳಿದಿದ್ದವರು ಉಪದೇಶಿ, ನಾಲ್ಕು ಮುದುಕಿಯರು ಮತ್ತು ಪೀಠಬಾಲಕರು.

ಹನ್ನೆರಡನೆಯ ಪಿಯುಸ್ ಜಗದ್ಗುರುಗಳು 1951ರಲ್ಲಿ ಜಾಗರಣೆಯನ್ನು ಪ್ರಯೋಗಾರ್ಥವಾಗಿ ರಾತ್ರಿಗೆ ಮರಳಿಸಲು ಅನುಮತಿ ನೀಡಿದ್ದರು; 1955ರ ನವೆಂಬರಿನಲ್ಲಿ ಹೊರಬಿದ್ದ ಆಜ್ಞೆಯು ಮುಂದಿನ ವರ್ಷದಿಂದ ಅದನ್ನು ಎಲ್ಲೆಡೆ ಕಡ್ಡಾಯಗೊಳಿಸಿತು. ರೋಮಿನ ಕಾಗದವೊಂದು ಮೈಸೂರು ಸೀಮೆಯ ಹಳ್ಳಿಯ ನಿದ್ದೆ ಕೆಡಿಸಿದ್ದು ಹೀಗೆ. 1956ರ ಮಾರ್ಚ್ 31ರ ರಾತ್ರಿ, ಹುಣ್ಣಿಮೆ ಕಳೆದು ನಾಲ್ಕೈದು ದಿನಗಳಾಗಿ ಚಂದ್ರ ತಡವಾಗಿ ಹುಟ್ಟುವ ಹೊತ್ತಿನಲ್ಲಿ, ಊರಿನ ಜನ ಕಂಬಳಿ ಹೊದ್ದು, ಮಲಗಿದ್ದ ಮಕ್ಕಳನ್ನು ಹೆಗಲಿಗೆ ಹಾಕಿಕೊಂಡು ದೇವಾಲಯದ ಅಂಗಳದಲ್ಲಿ ನೆರೆದರು. ಒಳಗಿದ್ದ ಒಂದೇ ಒಂದು ಪೆಟ್ರೊಮ್ಯಾಕ್ಸನ್ನು ಆರಿಸಲಾಯಿತು. ಸ್ವಾಮಿಯವರು ಚಕಮಕಿ ಕಲ್ಲು ಹೊಡೆದರು. ಮೂರು ಸಾರಿ ಕಿಡಿ ಹಾರಿ ಅರಳೆಗೆ ತಾಗದೆ ಆರಿದಾಗ, ರಾಗಿ ಹುಲ್ಲಿನ ಸಿಂಬೆ ಹಿಡಿದು ನಿಂತಿದ್ದ ಉಪದೇಶಿ ಮೆಲ್ಲಗೆ ಸ್ವಂತ ಕಡ್ಡಿಪೆಟ್ಟಿಗೆಯ ಕಡೆಗೆ ಕೈಹಾಕಿದ್ದನ್ನು, ಸ್ವಾಮಿಯವರು ಕಣ್ಣಲ್ಲೇ ಗದರಿದ್ದನ್ನು ಪಕ್ಕದಲ್ಲಿ ಧೂಪಪಾತ್ರೆ ಹಿಡಿದಿದ್ದ ಹುಡುಗನೊಬ್ಬನೇ ನೋಡಿದನು. ನಾಲ್ಕನೆಯ ಕಿಡಿ ಹಿಡಿಯಿತು.

ಆಮೇಲೆ ಪಾಸ್ಖ ದೀಪ, ಅಂದರೆ ಪುನರುತ್ಥಾನಗೊಂಡ ಕ್ರಿಸ್ತನ ಸಂಕೇತವಾದ ದೊಡ್ಡ ಮೇಣದ ಬತ್ತಿ. ಬಿದಿರು ಕೋಲಿನ ಮೂರು ಬತ್ತಿಗಳನ್ನು ಹೊಸ ವಿಧಿ ಕೈಬಿಟ್ಟು, ಆ ಒಂದೇ ಬತ್ತಿಯನ್ನು ಮೆರವಣಿಗೆಯ ಮುಂದೆ ಒಯ್ಯುವಂತೆ ಮಾಡಿತ್ತು. ಅದರ ಮೇಲೆ ಶಿಲುಬೆಯನ್ನೂ, ಆದಿ ಅಂತ್ಯಗಳನ್ನು ಸೂಚಿಸುವ ಗ್ರೀಕ್ ವರ್ಣಮಾಲೆಯ ಮೊದಲ ಮತ್ತು ಕೊನೆಯ ಅಕ್ಷರಗಳನ್ನೂ, ಶಿಲುಬೆಯ ನಾಲ್ಕು ಮೂಲೆಗಳಲ್ಲಿ ಆ ಇಸವಿಯ ನಾಲ್ಕು ಅಂಕಿಗಳನ್ನೂ ಕೊರೆದು, ಕ್ರಿಸ್ತನ ಐದು ಗಾಯಗಳ ನೆನಪಿಗೆ ಐದು ಧೂಪದ ಕಾಳುಗಳನ್ನು ಚುಚ್ಚಬೇಕಿತ್ತು. ಸ್ವಾಮಿಯವರು ಕೊರೆದದ್ದು ಪೆನ್ಸಿಲು ಚೂಪು ಮಾಡುವ ಚಾಕುವಿನಿಂದ. ಬತ್ತಿ ಅಲುಗದಂತೆ ಹಿಡಿದುಕೊಂಡಿದ್ದ ಹುಡುಗನ ಹೆಬ್ಬೆರಳಿನ ಮೇಲೆ 9ರ ಮತ್ತು 6ರ ಮೇಣದ ಸಿಪ್ಪೆಗಳು ಉದುರಿದವು. ಕತ್ತಲು ತುಂಬಿದ ದೇವಾಲಯದೊಳಕ್ಕೆ ಆ ಒಂದು ಬತ್ತಿ ಹೋಗುತ್ತ ಮೂರು ಕಡೆ ನಿಂತಾಗ ‘ಲೂಮೆನ್ ಕ್ರಿಸ್ತಿ’, ಕ್ರಿಸ್ತನ ಬೆಳಕು, ಎಂದು ಸ್ವಾಮಿಯವರು ಪ್ರತಿಸಾರಿಯೂ ಧ್ವನಿಯೇರಿಸಿ ಹಾಡಿದರು. ಜನರ ಕೈಯ ಬತ್ತಿಗಳು ಒಂದರಿಂದೊಂದು ಹೊತ್ತಿಕೊಂಡಾಗ, ದಿನವೂ ನೋಡುವ ಮುಖಗಳನ್ನು ಆ ಹುಡುಗ ಮೊದಲ ಬಾರಿಗೆ ನೋಡಿದಂತೆ ನೋಡಿದನು. ವಾಚನಗಳು ಹನ್ನೆರಡರಿಂದ ನಾಲ್ಕಕ್ಕೆ ಇಳಿದಿದ್ದವು.

ಇದಕ್ಕಿಂತಲೂ ದೊಡ್ಡ ಸಂಗತಿ ನೀರಿನ ಆಶೀರ್ವಾದದ ಬಳಿಕ ಬಂತು. ದೀಕ್ಷಾಸ್ನಾನದಲ್ಲಿ ಕೊಟ್ಟ ಮಾತನ್ನು, ಸೈತಾನನನ್ನು ತೊರೆದು ದೇವರನ್ನು ನಂಬುತ್ತೇವೆಂಬ ವಚನವನ್ನು ಎಲ್ಲರೂ ಒಟ್ಟಾಗಿ ನವೀಕರಿಸುವ ಭಾಗವೊಂದನ್ನು ಹೊಸ ವಿಧಿ ಸೇರಿಸಿ, ಅದನ್ನು ಜನರ ಭಾಷೆಯಲ್ಲಿ ನಡೆಸಲು ಅವಕಾಶ ಕೊಟ್ಟಿತ್ತು. ತಲೆತಲಾಂತರದಿಂದ ಲತೀನ್ ಪೂಜೆಯನ್ನು ಜಪಸರ ಎಣಿಸುತ್ತ ದೂರದಿಂದ ನೋಡಿದ್ದ ಜನರಿಗೆ ಸ್ವಾಮಿಯವರು ತಿರುಗಿ ನಿಂತು ಕನ್ನಡದಲ್ಲಿ ಪ್ರಶ್ನೆ ಕೇಳಿದರು. ಒಂದು ಗಳಿಗೆ ಯಾರೂ ಉತ್ತರಿಸಲಿಲ್ಲ. ಪೂಜೆಯ ನಡುವೆ ತಮ್ಮನ್ನೇ ಕೇಳುತ್ತಿದ್ದಾರೆಂಬುದು ಅವರಿಗೆ ಹೊಳೆದಿರಲಿಲ್ಲ. ಎರಡನೆಯ ಸಲ ಕೇಳಿದಾಗ ಹೆಂಗಸರ ಸಾಲಿನಿಂದ ಒಂದು ಧ್ವನಿ ಹೊರಟಿತು, ಹಿಂದೆಯೇ ಊರೆಲ್ಲ ಅಂದಿತು. ಎರಡನೆಯ ವ್ಯಾಟಿಕನ್ ಮಹಾಸಭೆಯು ದೇಶಭಾಷೆಗಳನ್ನು ಪೂಜೆಗೆ ಬರಮಾಡಿಕೊಂಡುದು 1963ರ ಡಿಸೆಂಬರಿನ ಶಾಸನದಿಂದ ಎಂದು ಇತಿಹಾಸ ಹೇಳುತ್ತದೆ. ಆ ಹಳ್ಳಿಯ ಪಾಲಿಗೆ ಬಾಗಿಲು ತೆರೆದದ್ದು ಏಳು ವರ್ಷ ಮೊದಲೇ, ಪಾಸ್ಖದ ನಡುರಾತ್ರಿಯಲ್ಲಿ.

ಸುಧಾರಣೆಯನ್ನು ಎಲ್ಲರೂ ಹೊಗಳಲಿಲ್ಲ. ಹಳೆಯ ನಿಯಮದಲ್ಲಿ ತಪಸ್ಸುಕಾಲದ ಉಪವಾಸ ಶನಿವಾರದ ನಡುಹಗಲಿಗೇ ಮುಗಿಯುತ್ತಿದ್ದುದರಿಂದ ಬೆಳಗಿನ ಪೂಜೆ ಮುಗಿಸಿ ಬಂದ ಮನೆಗಳಲ್ಲಿ ಮಾಂಸದ ಸಾರು ಕುದಿಯುತ್ತಿತ್ತು. ಹೊಸ ಆಜ್ಞೆ ಉಪವಾಸವನ್ನು ಮಧ್ಯರಾತ್ರಿಯವರೆಗೆ ಎಳೆಯಿತು. ಅಡುಗೆಮನೆಗಳಿಂದ ಬಂದ ಈ ಆಕ್ಷೇಪಣೆ ಯಾವ ಪೂಜಾಶಾಸ್ತ್ರದ ಗ್ರಂಥದಲ್ಲೂ ದಾಖಲಾಗಿಲ್ಲ.

ಹಬ್ಬದ ಮರುದಿನದಿಂದ ಸ್ವಾಮಿಯವರ ಸೈಕಲ್ಲು ನಿಂತದ್ದೇ ಇಲ್ಲ. ಪಾಸ್ಖದ ಹೊಸ ನೀರಿನಿಂದ ಮನೆಗಳನ್ನು ಆಶೀರ್ವದಿಸುವುದು ರೋಮನ್ ವಿಧಿಗ್ರಂಥದಲ್ಲೇ ಹೇಳಿರುವ ಪುರಾತನ ಕ್ರಮ. ಹೆಂಗಸರು ಹಿಂದಿನ ದಿನವೇ ನೆಲ ಸಾರಿಸಿ, ಹೊಸ್ತಿಲಿಗೆ ರಂಗೋಲಿ ಹಾಕಿ, ಗೋಡೆಯ ಪಟಕ್ಕೆ ಕಣಗಿಲೆ ಹೂವು ಏರಿಸಿ ಕಾಯುತ್ತಿದ್ದರು. ಹುಡುಗ ಒಂದು ಕೈಯಲ್ಲಿ ತೀರ್ಥದ ಪಾತ್ರೆಯನ್ನೂ ಇನ್ನೊಂದು ಕೈಯಲ್ಲಿ ಬೆತ್ತದ ಬುಟ್ಟಿಯನ್ನೂ ಹಿಡಿದು ಹಿಂದೆ ಓಡುತ್ತಿದ್ದನು, ಬುಟ್ಟಿ ಮೊಟ್ಟೆಗಳಿಗಾಗಿ. ಯುರೋಪಿನಲ್ಲಿ ತಪಸ್ಸುಕಾಲಕ್ಕೆ ಮೊಟ್ಟೆ ವರ್ಜ್ಯವಾಗಿದ್ದ ಕಾಲದಲ್ಲಿ ಮನೆಗಳಲ್ಲಿ ಉಳಿದು ರಾಶಿಯಾದ ಮೊಟ್ಟೆಗಳು ಈಸ್ಟರಿಗೆ ಬಣ್ಣ ಬಳಿದ ಉಡುಗೊರೆಗಳಾದವು. ಮೈಸೂರು ಸೀಮೆಯ ಹಳ್ಳಿಗೆ ಆ ಬಣ್ಣ ತಲುಪಲೇ ಇಲ್ಲ, ನಾಟಿ ಕೋಳಿಯ ಎರಡು ಮೊಟ್ಟೆ ಮಾತ್ರ ತಲುಪಿದವು. ಇಲ್ಲದವರು ಒಂದು ಬೊಗಸೆ ಹುರುಳಿ ಹಾಕಿದರು.

ಸ್ವಾಮಿಯವರ ಕಂಕುಳಲ್ಲಿ ರಟ್ಟಿನ ಹೊದಿಕೆಯ ದಪ್ಪ ಪುಸ್ತಕವೊಂದಿರುತ್ತಿತ್ತು. 1917ರ ಧರ್ಮಸಭಾ ಕಾನೂನು ಪ್ರತಿಯೊಂದು ಧರ್ಮಕೇಂದ್ರದಲ್ಲೂ ಇರಬೇಕೆಂದ ‘ಆತ್ಮಗಳ ಸ್ಥಿತಿಯ ಪುಸ್ತಕ’ ಅದು: ಯಾವ ಮನೆಯಲ್ಲಿ ಯಾರಿದ್ದಾರೆ, ಯಾರಿಗೆ ದೀಕ್ಷಾಸ್ನಾನ, ದೃಢೀಕರಣ, ಮದುವೆಗಳಾಗಿವೆ, ಪಾಸ್ಖ ಕಾಲದಲ್ಲಿ ಯಾರು ಪಾಪನಿವೇದನೆ ಮಾಡಿ ಪರಮಪ್ರಸಾದ ಸ್ವೀಕರಿಸಿದ್ದಾರೆ ಎಂಬುದರ ಲೆಕ್ಕ. ಪ್ರತಿಯೊಬ್ಬ ವಿಶ್ವಾಸಿ ವರ್ಷಕ್ಕೊಮ್ಮೆಯಾದರೂ ಪಾಪಗಳನ್ನು ನಿವೇದಿಸಿ, ಪಾಸ್ಖ ಕಾಲದಲ್ಲಿ ಪರಮಪ್ರಸಾದ ಪಡೆಯಬೇಕೆಂಬುದು 1215ರ ನಾಲ್ಕನೆಯ ಲಾತೆರಾನ್ ಮಹಾಸಭೆಯ ಕಟ್ಟಳೆ. ಈ ಭೇಟಿಯಲ್ಲಿ ಕಂದಾಯ ವಸೂಲಿಯ ಛಾಯೆ ಒಂದಿಷ್ಟು ಇತ್ತೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ನೀರು ಚಿಮುಕಿಸುವುದು ಎರಡು ನಿಮಿಷದ ಕೆಲಸ, ಚಾಪೆಯ ಮೇಲೆ ಕೂರುವುದು ಅರ್ಧ ಗಂಟೆಯದು. “ಏನವ್ವ, ಹಿರಿಮಗನ ಕಾಗದ ಬಂತಾ?” ಎಂದು ಕೇಳಿದರೆ “ಎಲ್ಲಿ ಸ್ವಾಮಿ, ಕೋಲಾರದ ಗಣಿಗೆ ಹೋದೋನು ಕಾಗದಾನೇ ಮರೆತ” ಎಂದು ಮುದುಕಿ ಸೆರಗಿನಿಂದ ಕಣ್ಣೊರಸಿಕೊಳ್ಳುತ್ತಿದ್ದಳು, ಸ್ವಾಮಿಯವರು ಅಲ್ಲೇ ಕೂತು ಕಾರ್ಡು ಬರೆದು ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಯಾರ ಎತ್ತು ಸತ್ತಿದೆ, ಯಾವ ಮನೆಯ ಜಮೀನು ಅಡವಿಗೆ ಬಿದ್ದಿದೆ, ಯಾವ ಅಣ್ಣತಮ್ಮಂದಿರು ಬದುವಿನ ಜಗಳದಲ್ಲಿ ಪೂಜೆಗೇ ಬರುವುದು ಬಿಟ್ಟಿದ್ದಾರೆ ಎಂಬುದೆಲ್ಲ ಪುಸ್ತಕದ ಅಂಕಣಗಳಲ್ಲಿ ಹಿಡಿಸದೆ, ಅಂಚಿನಲ್ಲಿ ಸಣ್ಣ ಪೆನ್ಸಿಲು ಗುರುತುಗಳಾಗಿ ಸೇರುತ್ತಿತ್ತು. ಧರ್ಮಸೇವೆಯೆಂದು ಶಾಸ್ತ್ರಗಳು ವಿಸ್ತರಿಸಿ ಹೇಳುವುದರ ಬಹುಪಾಲು ಆ ಅಂಚಿನಲ್ಲಿತ್ತು.

ಕ್ರಿಸ್ತನ ಸ್ವರ್ಗಾರೋಹಣದ ಹಬ್ಬ ನಲವತ್ತನೆಯ ದಿನ. ಅದರ ಹಿಂದಿನ ಮೂರು ದಿನಗಳು ಬೆಳೆಗಾಗಿ ಬೇಡುವ ಮೆರವಣಿಗೆಗೆ ಮೀಸಲು. ಫ್ರಾನ್ಸಿನಲ್ಲಿ ಹುಟ್ಟಿದ ಈ ಆಚರಣೆ ಮೈಸೂರು ಸೀಮೆಗೆ ಬಂದಾಗ ಹೆಚ್ಚಾಗಿ ಭರಣಿ ಮಳೆಯ ಕೊನೆಗೋ ಕೃತ್ತಿಕೆಯ ಮೊದಲಿಗೋ ಬೀಳುತ್ತಿತ್ತು, ಅಂದರೆ ರೈತ ಆಕಾಶ ನೋಡುವ ವೇಳೆಗೆ ಸರಿಯಾಗಿ. 1956ರ ಮೇ 7ರ ಬೆಳಗ್ಗೆ ಸಂತರ ಹೆಸರುಗಳ ಸರಮಾಲೆಯನ್ನು ಲತೀನಿನಲ್ಲಿ ಹಾಡುತ್ತ ಹೊಲದ ಬದುಗಳ ಮೇಲೆ ಸಾಗಿದ ಮೆರವಣಿಗೆಯ ಹಿಂದೆ, ಆ ಸಂತರ ಪರಿಚಯವೇ ಇಲ್ಲದ ಪಕ್ಕದ ಕೇರಿಯ ಇಬ್ಬರು ರೈತರೂ ಟವೆಲು ಸೊಂಟಕ್ಕೆ ಕಟ್ಟಿ ನಡೆದರು. ಮಳೆ ಎಲ್ಲರ ಹೊಲಕ್ಕೂ ಬೇಕಿತ್ತು. ಗುರುವಾರ ಸ್ವರ್ಗಾರೋಹಣದ ಪೂಜೆಯಲ್ಲಿ ಶುಭಸಂದೇಶದ ವಾಚನವಾದ ಕೂಡಲೇ ಅಂದಿನ ಕ್ರಮದಂತೆ ಪಾಸ್ಖ ದೀಪವನ್ನು ಆರಿಸಲಾಯಿತು, ಮತ್ತು ತಾನು ಹಿಡಿದು ಕೊರೆಸಿದ ಬತ್ತಿಯ ಹೊಗೆ ಸುರುಳಿ ಏಳುವುದನ್ನು ನೋಡಿ ಆ ಹುಡುಗನಿಗೆ ಅಳು ಬಂತು.

ಮುಂದಿನ ಬದಲಾವಣೆಗಳು ಬೇಗ ಬೇಗ ಬಂದವು. 1965ರ ಸುಮಾರಿಗೆ ಪೂಜೆಯ ಭಾಗಗಳು ಕನ್ನಡಕ್ಕೆ ತಿರುಗಿದವು, 1969ರ ಹೊಸ ಪಂಚಾಂಗವು ‘ಈಸ್ಟರಿನ ನಂತರದ ಭಾನುವಾರ’ಗಳೆಂಬ ಹಳೆಯ ಹೆಸರನ್ನು ತೆಗೆದು ‘ಈಸ್ಟರಿನ ಭಾನುವಾರ’ಗಳೆಂದು ಕರೆದು, ಐವತ್ತು ದಿನಗಳೂ ಒಂದೇ ಹಬ್ಬವೆಂಬ ಅಥನಾಸಿಯುಸನ ಮಾತಿಗೆ ಮರಳಿತು, ಪಾಸ್ಖ ದೀಪ ಈಗ ಪಂಚಾಶತ್ತಮದವರೆಗೂ ಉರಿಯುತ್ತದೆ. ಬೆಳೆಯ ಮೆರವಣಿಗೆಯನ್ನು ಆಯಾ ದೇಶದ ಧರ್ಮಾಧ್ಯಕ್ಷರ ವಿವೇಚನೆಗೆ ಬಿಟ್ಟಿದ್ದರಿಂದ ಅದು ಆ ಹಳ್ಳಿಯಲ್ಲಿ ಯಾರೂ ನಿಲ್ಲಿಸದೆಯೇ ನಿಂತುಹೋಯಿತು, ಇದು ಸುಧಾರಣೆಯ ನಷ್ಟಗಳಲ್ಲೊಂದು. ಅದೇ ಕಾಲದಲ್ಲಿ ಗುರು ಡಿ.ಎಸ್. ಅಮಲೋರ್‌ಪವದಾಸರು 1967ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಧರ್ಮಸಭೆಯ ರಾಷ್ಟ್ರೀಯ ಕೇಂದ್ರದಿಂದ ಪೂಜೆಗೆ ಭಾರತೀಯ ರೂಪ ಕೊಡುವ ಕೆಲಸಕ್ಕೆ ತೊಡಗಿದರು; ನೆಲದ ಮೇಲೆ ಕೂರುವುದು, ಆರತಿ, ಎಣ್ಣೆಯ ದೀಪ ಮೊದಲಾದ ಹನ್ನೆರಡು ಅಂಶಗಳಿಗೆ 1969ರ ಏಪ್ರಿಲಿನಲ್ಲಿ ರೋಮಿನ ಒಪ್ಪಿಗೆ ದೊರೆಯಿತು. ಉಪಾಧ್ಯಾಯನಾಗಿ, ಬಿಡುವಿನಲ್ಲಿ ಧರ್ಮಪಾಠ ಹೇಳುವವನಾಗಿ ಬೆಳೆದಿದ್ದ ಹಳೆಯ ಪೀಠಬಾಲಕ ಇದನ್ನೆಲ್ಲ ಸಂತೋಷದಿಂದಲೇ ಸ್ವೀಕರಿಸಿದನು. ಅವನ ತಾಯಿ ಮಾತ್ರ ಆರತಿಯನ್ನು ನೋಡಿ, ಇದನ್ನು ಮಾಡಬಾರದೆಂದು ಹೇಳಿಕೊಟ್ಟವರೂ ನೀವೇ ಅಲ್ಲವೇ ಎಂದು ಕೇಳಿದಳು. ಆ ಪ್ರಶ್ನೆಗೆ ಅವನಲ್ಲಿ ಉತ್ತರವಿರಲಿಲ್ಲ.

ಧರ್ಮಪಾಠದ ವರ್ಷಗಳಲ್ಲಿ ಅವನು ಐವತ್ತು ದಿನಗಳ ವಾಚನಗಳನ್ನು ಮತ್ತೆ ಮತ್ತೆ ಓದಿದನು. ಈ ಅವಧಿಯ ಪೂಜೆಗಳಲ್ಲಿ ಹಳೆಯ ಒಡಂಬಡಿಕೆಯ ವಾಚನ ಹಿಂದೆ ಸರಿದು, ಆದಿ ಧರ್ಮಸಭೆಯ ಕಥೆಯಾದ ಪ್ರೇಷಿತರ ಕಾರ್ಯಕಲಾಪಗಳ ಪುಸ್ತಕ ಮುಂದೆ ಬರುತ್ತದೆ. ಅದರ ಆರನೆಯ ಅಧ್ಯಾಯದಲ್ಲಿ ಒಂದು ಜಗಳವಿದೆ: ದಿನದ ಊಟ ಹಂಚುವಾಗ ಗ್ರೀಕ್ ಮಾತಿನ ವಿಧವೆಯರನ್ನು ಕಡೆಗಣಿಸಲಾಗುತ್ತಿದೆ ಎಂಬ ದೂರು ಬರುತ್ತದೆ, ಪ್ರೇಷಿತರು ಆ ಸೇವೆಗೆ ಏಳು ಮಂದಿಯನ್ನು ಆರಿಸಲು ಹೇಳುತ್ತಾರೆ, ಆರಿಸಲ್ಪಟ್ಟ ಏಳೂ ಹೆಸರುಗಳು ಗ್ರೀಕ್ ಹೆಸರುಗಳು. ಧರ್ಮಸಭೆಯಲ್ಲಿ ‘ಸೇವೆ’ ಒಂದು ಜವಾಬ್ದಾರಿಯಾಗಿ ರೂಪುಗೊಂಡ ಈ ಪ್ರಸಂಗದಲ್ಲಿ ಊಟದ ಅನ್ಯಾಯ ಮತ್ತು ಭಾಷೆಯ ಅನ್ಯಾಯ ಒಂದೇ ಎಲೆಯಲ್ಲಿ ಬಡಿಸಿದಂತಿವೆ. ಪ್ರೇಷಿತರು ದೂರು ಕೊಟ್ಟವರನ್ನು ಗದರದೆ, ಅವರ ಕಡೆಯವರ ಕೈಗೇ ಸೌಟು ಕೊಟ್ಟರು. ಚಾಪೆಯ ಮೇಲೆ ಕೂತು ಕಾರ್ಡು ಬರೆದ ಸ್ವಾಮಿಯವರನ್ನು ಅವನು ಈ ಅಧ್ಯಾಯ ಓದುವಾಗೆಲ್ಲ ನೆನೆದನು. ನಾಲ್ಕನೆಯ ಶತಮಾನದಲ್ಲಿ ಹೊಸದಾಗಿ ದೀಕ್ಷಾಸ್ನಾನ ಪಡೆದವರು ಬಿಳಿಯುಡುಗೆಯಲ್ಲಿ ವಾರವಿಡೀ ದೇವಾಲಯಕ್ಕೆ ಬಂದು, ತಮಗೆ ಆದದ್ದೇನೆಂಬುದನ್ನು ಆಮೇಲೆ ತಿಳಿದುಕೊಳ್ಳುತ್ತಿದ್ದರು; ಮೊದಲು ಅನುಭವ, ನಂತರ ಅರ್ಥ ಎಂಬ ಈ ಬೋಧನಾಕ್ರಮವನ್ನು 1972ರ ವಯಸ್ಕರ ದೀಕ್ಷಾವಿಧಿ ಮತ್ತೆ ತಂದು, ಈಸ್ಟರ್ ಕಾಲವನ್ನೇ ಅದಕ್ಕೆ ಮೀಸಲಿಟ್ಟಿತು. ನೋಟುಪುಸ್ತಕದ ಲತೀನನ್ನು ಮೊದಲು ಬಾಯಿಪಾಠ ಮಾಡಿ ಹತ್ತು ವರ್ಷದ ನಂತರ ಅರ್ಥ ಕಂಡವನಿಗೆ ಅದು ಹೊಸದೆನಿಸಲಿಲ್ಲ.

ಆ ಹಳ್ಳಿಯಲ್ಲಿ ಈಗಲೂ ಪಾಸ್ಖದ ಬೆಂಕಿ ರಾತ್ರಿಯೇ ಹೊತ್ತುತ್ತದೆ. ಬತ್ತಿಯ ಮೇಲಿನ ಅಂಕಿಗಳು ಅಚ್ಚಾದ ಅಂಟುಚೀಟಿಗಳಾಗಿ ಬರುತ್ತವೆ, ಮನೆಗಳ ಆಶೀರ್ವಾದ ಬೀದಿಗೊಂದು ಸಂಜೆಯಂತೆ ನಡೆದು ವಾರದೊಳಗೆ ಮುಗಿಯುತ್ತದೆ, ಗುರುಗಳಿಗೆ ಕೂರಲು ಪುರಸೊತ್ತಿಲ್ಲ. ತಪಸ್ಸುಕಾಲದ ಶುಕ್ರವಾರಗಳಿಗೆ ಮುದ್ರಿತ ವೇಳಾಪಟ್ಟಿ ಹಾಕುವ ಧರ್ಮಕೇಂದ್ರಗಳು ಐವತ್ತು ದಿನಗಳಿಗೂ ಅಂಥದೊಂದನ್ನು ಹಾಕಲಿ. ಅದರಲ್ಲಿ ಪೂಜೆಗಳ ಸಂಖ್ಯೆ ಹೆಚ್ಚಬೇಕಾಗಿಲ್ಲ, ಮನೆಗೆ ಅರ್ಧ ಗಂಟೆ ಸಿಗಬೇಕು. ಗುರುಗಳು ಅಂಚು ಅಗಲವಾಗಿರುವ ಪುಸ್ತಕವೊಂದನ್ನೂ ಕಂಕುಳಲ್ಲಿ ಒಯ್ಯಲಿ.